ಪೊಟ್ಟಣದ ಹಿಂಬದಿ ಒಮ್ಮೆ ಓದಿ: ಊಟದ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಸಂಸ್ಕರಿಸಿದ ಆಹಾರ ಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಹಿಟ್ಟು, ಎಣ್ಣೆ, ಮೊಸರು ಎಲ್ಲವೂ ಸಂಸ್ಕರಿಸಿದ್ದೇ ಅಲ್ವಾ? ಹಾಗಾದರೆ ತಿನ್ನುವುದೇನು?

ನಿಮ್ಮ ಗೊಂದಲ ನ್ಯಾಯವಾದದ್ದೇ. ಬೀಸುವುದು, ಹೆಪ್ಪು ಹಾಕುವುದು, ಒಣಗಿಸುವುದು, ಇವೆಲ್ಲ ಸಂಸ್ಕರಣೆಯೇ, ಇವುಗಳಿಗೆ ಹೆದರಬೇಕಾಗಿಲ್ಲ. ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೇರೊ ಮತ್ತು ಅವರ ತಂಡ ಆಹಾರವನ್ನು ನಾಲ್ಕು ಗುಂಪು ಮಾಡಿದ್ದಾರೆ, ಅದಕ್ಕೆ ನೋವಾ ಅಂತ ಹೆಸರು. ಅದರಲ್ಲಿ ನಾವು ಕಡಿಮೆ ಮಾಡಬೇಕಾದದ್ದು ನಾಲ್ಕನೆಯ ಗುಂಪು, ಅಂದರೆ ಅತಿಯಾಗಿ ಸಂಸ್ಕರಿಸಿದ್ದು. ಗುರುತಿಸಲು ಪೊಟ್ಟಣದ ಹಿಂಬದಿಯ ಪಟ್ಟಿ ಓದಿ. ಅಡುಗೆಮನೆಯಲ್ಲಿ ಯಾರೂ ಇಟ್ಟುಕೊಳ್ಳದ ಸುವಾಸನೆ, ಬಣ್ಣ, ಎಣ್ಣೆ ನೀರು ಬೇರೆಯಾಗದಂತೆ ಹಿಡಿದಿಡುವ ಎಮಲ್ಸಿಫೈಯರ್‌ಗಳ ಹೆಸರು ಸಾಲಾಗಿ ಬಂದರೆ ಅದು ಆ ಗುಂಪಿನದೇ. ಪಟ್ಟಿಯಲ್ಲಿ ಸಾಮಾನ್ಯವಾಗಿ ಜಾಸ್ತಿ ತೂಕದ್ದು ಮೊದಲು ಇರುತ್ತದೆ, ಹಾಗಾಗಿ ಸಕ್ಕರೆ ಮೊದಲ ಮೂರರಲ್ಲಿ ಕಂಡರೆ ಅದನ್ನು ಸಿಹಿತಿಂಡಿ ಅಂತಲೇ ಲೆಕ್ಕ ಹಾಕಿ, ಮುಂಬದಿಯಲ್ಲಿ 'ಆರೋಗ್ಯಕರ' ಅಂತ ಎಷ್ಟೇ ದೊಡ್ಡದಾಗಿ ಬರೆದಿರಲಿ.

ಪ್ರಶ್ನೆ: ಕ್ಯಾಲೊರಿ ಎಣಿಸಿ ತಿಂದರೆ ಸಾಕಲ್ವಾ? ಎಲ್ಲಿಂದ ಬಂದರೇನು?

ಎಣಿಸಿ ತಿನ್ನಬಹುದು. ಆದರೆ ಎಷ್ಟು ದಿನ ಎಣಿಸುತ್ತೀರಿ? ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಅವರ ತಂಡ ಮಾಡಿದ ಒಂದು ಪ್ರಯೋಗದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. 20 ಜನರನ್ನು ಅಲ್ಲೇ ಇರಿಸಿಕೊಂಡು ಎರಡು ವಾರ ಅತಿ ಸಂಸ್ಕರಿತ ಊಟ, ಎರಡು ವಾರ ಸಹಜ ಪದಾರ್ಥಗಳ ಊಟ ಕೊಟ್ಟರು. ಮುಂದಿಟ್ಟ ಎರಡೂ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ಉಪ್ಪು, ನಾರು ಹೆಚ್ಚುಕಡಿಮೆ ಒಂದೇ, ಬೇಕಾದಷ್ಟು ತಿನ್ನಿ ಅಂತ ಹೇಳಿದ್ದರು ಅಷ್ಟೇ. ಅತಿ ಸಂಸ್ಕರಿತ ಊಟ ಸಿಕ್ಕ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ಎರಡೇ ವಾರದಲ್ಲಿ ತೂಕ ಸರಾಸರಿ 0.9 ಕಿಲೋ ಏರಿತು. ಇನ್ನೊಂದು ಊಟದಲ್ಲಿ ಅಷ್ಟೇ ಇಳಿಯಿತು. ಮೆತ್ತಗಿರುವ ಅತಿ ಸಂಸ್ಕರಿತ ಊಟವನ್ನು ಅವರು ಬೇಗ ಬೇಗ ನುಂಗಿದ್ದೂ ಕಂಡುಬಂತು. ಹೊಟ್ಟೆ ತುಂಬಿತು ಅನ್ನುವ ಸುದ್ದಿ ತಲೆಗೆ ಮುಟ್ಟಲು ಸ್ವಲ್ಪ ಹೊತ್ತು ಬೇಕು, ಅಗಿದು ತಿನ್ನುವ ಊಟ ಆ ಹೊತ್ತನ್ನು ಕೊಡುತ್ತದೆ. ಆದ್ದರಿಂದ ಜಾಸ್ತಿ ತಿಂದೆ ಅಂತ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ, ಮೊದಲು ತಟ್ಟೆಯಲ್ಲಿರುವುದನ್ನು ಬದಲಿಸಿ.

ಪ್ರಶ್ನೆ: ಹಣ್ಣು ತಿನ್ನಲು ಬೇಜಾರು. ಸಕ್ಕರೆ ಹಾಕದ ಜ್ಯೂಸ್ ಆಗುತ್ತಾ?

ಹಣ್ಣನ್ನೇ ತಿನ್ನಿ. ಹಿಂಡಿದಾಗ ನಾರು ಬಹುಪಾಲು ಹೋಗುತ್ತದೆ, ಸಿಹಿ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಜ್ಯೂಸ್ ಮತ್ತು ಜೇನಿನ ಸಕ್ಕರೆಯನ್ನೂ ಮಿತಿಯಲ್ಲಿಡಬೇಕಾದ ಸಕ್ಕರೆಯ ಜೊತೆಗೇ ಸೇರಿಸುತ್ತದೆ. ಹಣ್ಣು ತರಕಾರಿ ಸೇರಿ ದಿನಕ್ಕೆ ಕನಿಷ್ಠ 400 ಗ್ರಾಂ ಅನ್ನುವುದೂ ಅದರದೇ ಸಲಹೆ.

ಪ್ರಶ್ನೆ: ಎಲ್ಲವನ್ನೂ ಹಸಿಯಾಗಿ ತಿಂದರೆ ಇನ್ನೂ ಒಳ್ಳೆಯದಾ?

ಇಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ರಾಜ್ಮಾ ಕಾಳನ್ನು ನೆನೆಸಿ, ಆ ನೀರು ಚೆಲ್ಲಿ, ಚೆನ್ನಾಗಿ ಕುದಿಸಲೇಬೇಕು. ಅರೆಬೆಂದರೆ ಅದರಲ್ಲಿ ಸಹಜವಾಗಿಯೇ ಇರುವ ವಿಷಕಾರಿ ಪ್ರೋಟೀನ್ ಆದ ಲೆಕ್ಟಿನ್‌ನಿಂದ ವಾಂತಿ, ಭೇದಿ ಆಗುತ್ತದೆ. ತರಕಾರಿ ಕುದಿಸಿದ ನೀರಿಗೆ ವಿಟಮಿನ್ ಸಿ ಇಳಿಯುವುದು ನಿಜ, ಆದ್ದರಿಂದ ನೀರು ಕಡಿಮೆ ಹಾಕಿ ಇಲ್ಲವೇ ಹಬೆಯಲ್ಲಿ ಬೇಯಿಸಿ.

ಪ್ರಶ್ನೆ: ಕೆಲಸ ಮುಗಿಸಿ ಬಂದಮೇಲೆ ಅಡುಗೆಗೆ ತ್ರಾಣವೇ ಇರುವುದಿಲ್ಲ. ಏನು ಮಾಡಲಿ?

ಎಲ್ಲವನ್ನೂ ಒಂದೇ ದಿನ ಬದಲಿಸಲು ಹೋಗಬೇಡಿ. ಫ್ರೋಜನ್ ತರಕಾರಿ ಧಾರಾಳವಾಗಿ ಬಳಸಿ, ಕಿತ್ತ ಕೂಡಲೇ ಹೆಪ್ಪುಗಟ್ಟಿಸುವುದರಿಂದ ಸತ್ವ ಬಹುಪಾಲು ಉಳಿದಿರುತ್ತದೆ. ರಜೆಯ ದಿನ ಕಾಳುಗಳನ್ನು ಜಾಸ್ತಿ ಬೇಯಿಸಿ, ಪಾಲು ಮಾಡಿ ಫ್ರೀಜರ್‌ನಲ್ಲಿಡಿ, ಮೊಟ್ಟೆ ತಿನ್ನುವವರಾದರೆ ಅದಕ್ಕಿಂತ ಬೇಗ ಆಗುವ ಊಟ ಇನ್ನೊಂದಿಲ್ಲ. ಮೊದಲು ಬೆಳಗಿನ ತಿಂಡಿಯೊಂದನ್ನೇ ಸರಿಮಾಡಿಕೊಳ್ಳಿ, ಅದು ರೂಢಿಯಾದಮೇಲೆ ಸಂಜೆಯದು. ನಾರು ಒಮ್ಮೆಲೇ ಏರಿಸಿದರೆ ಹೊಟ್ಟೆ ಉಬ್ಬರಿಸುತ್ತದೆ, ನಿಧಾನವಾಗಿ ಏರಿಸಿ, ನೀರು ಸಾಕಷ್ಟು ಕುಡಿಯಿರಿ. ಸಕ್ಕರೆ ಕಾಯಿಲೆಗೋ ಮೂತ್ರಪಿಂಡದ ತೊಂದರೆಗೋ ಔಷಧ ತೆಗೆದುಕೊಳ್ಳುತ್ತಿದ್ದರೆ ಮಾತ್ರ ವೈದ್ಯರನ್ನು ಕೇಳಿಯೇ ಶುರುಮಾಡಿ.