ಗಿಣ್ಣು ತಿನ್ನದ ಸೊಸೆ

(ಹೆಸರು, ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.)

ನಾನು ಆಪ್ತಸಲಹೆಗಾರ್ತಿ. ಪವಿತ್ರಾ ನನ್ನ ಹತ್ತಿರ ಬಂದದ್ದು ಹೊಟ್ಟೆನೋವಿಗಲ್ಲ, ಅತ್ತೆಯ ಜೊತೆಗಿನ ಜಗಳಕ್ಕೆ. ವಯಸ್ಸು 27, ಮದುವೆಯಾಗಿ 14 ತಿಂಗಳು. ಬೆಳೆದದ್ದು ಬೆಂಗಳೂರಿನ ಬಾಡಿಗೆ ಮನೆಯಲ್ಲಿ. ಅಲ್ಲಿ ಅರ್ಧ ಲೀಟರ್ ಪ್ಯಾಕೆಟ್ ಹಾಲು ನಾಲ್ವರ ಕಾಫಿಗೇ ಮುಗಿಯುತ್ತಿತ್ತು. ಸೇರಿದ್ದು ಮಂಡ್ಯ ಕಡೆಯ ಮನೆ. ಕೊಟ್ಟಿಗೆಯಲ್ಲಿ ಐದು ಸೀಮೆಹಸು, ಎರಡು ಹೊತ್ತೂ ಡೇರಿಗೆ ಹಾಲು. ರಾತ್ರಿ ಊಟದ ಬೆನ್ನಿಗೆ ದೊಡ್ಡ ಲೋಟದ ತುಂಬ ಕೆನೆಹಾಲು, ಬೆಳಗ್ಗೆ ಹಾಲಿನಲ್ಲೇ ಕಾಯಿಸಿದ ರಾಗಿ ಮಾಲ್ಟ್. ಹೊಸ ಸೊಸೆ, ಬೇಡ ಅನ್ನಲು ಸಂಕೋಚ.

ರಾತ್ರಿ ಹೊಟ್ಟೆಯುಬ್ಬರ, ಗುಡುಗುಡು. ಮಾಲ್ಟ್ ಕುಡಿದ ಒಂದು ಗಂಟೆಯೊಳಗೆ ನೀರುನೀರಾಗಿ ಭೇದಿ. ಬಸ್ ಹತ್ತಲು ಭಯವಾಗಿ ಕೆಲಸದ ಸಂದರ್ಶನವೊಂದನ್ನು ಬಿಟ್ಟಳು. ತವರಿಗೆ ಹೋದರೆ ನಾಲ್ಕು ದಿನದಲ್ಲಿ ಎಲ್ಲ ಸರಿ. ಅತ್ತೆಗೆ ಅಷ್ಟು ಸಾಕಾಯಿತು: "ತವ್ರಿಗೋದ್ರೆ ವಾಸಿ, ಇಲ್ಲಿಗ್ ಬಂದ್ರೆ ಹೊಟ್ಟೆನೋವು. ನಾಟ್ಕ ಅಲ್ದೆ ಇನ್ನೇನು?" ಹಸು ಕರು ಹಾಕಿದಾಗ ಗಿಣ್ಣು ಮಾಡಿ ತಟ್ಟೆಗಿಟ್ಟರೆ ಇವಳು ಪಕ್ಕಕ್ಕೆ ಸರಿಸಿದ್ದಳು. ಹಸು ಸಾಕುವವರ ಮನೆಯಲ್ಲಿ ಗಿಣ್ಣು ಸರಿಸುವುದು ಎಂದರೆ ಸಣ್ಣ ಮಾತಲ್ಲ. ಅವತ್ತಿನಿಂದ ಅತ್ತೆ ಸೊಸೆ ಮಾತು ಬಿಟ್ಟಿದ್ದರು.

ನಾನೂ ಮೊದಲು ಎಡವಿದೆ. ತವರಿನಲ್ಲಿ ಸರಿಹೋಗುತ್ತದೆ ಎಂದ ಕೂಡಲೇ ಆತಂಕ ಇರಬೇಕೆಂದು ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಿದೆ. ಎರಡನೇ ಸಲ ಬಂದಾಗ ಒಂದು ವಾರ ತಿಂದದ್ದು, ಕುಡಿದದ್ದು ಬರೆದು ತರಲು ಹೇಳಿದೆ. ಬುಧವಾರ ಅತ್ತೆ ನಂಟರ ತಿಥಿಗೆ ಹೋಗಿದ್ದರು, ಹೊಟ್ಟೆ ಸುಮ್ಮನಿತ್ತು. ಅತ್ತೆ ಇಲ್ಲದ ದಿನ ನೆಮ್ಮದಿ ಎಂದು ಓದಿಕೊಳ್ಳಬಹುದಿತ್ತು. ಆದರೆ ಭಾನುವಾರ ಅತ್ತೆ ಮನೆಯಲ್ಲೇ ಇದ್ದರು, ಗಂಡನ ಮೇಲೆ ಕೂಗಾಡಿದ ಕೋಪದಲ್ಲಿ ಇವಳು ಹಾಲು ಮುಟ್ಟಿರಲಿಲ್ಲ. ಅವತ್ತೂ ಹೊಟ್ಟೆ ಸುಮ್ಮನಿತ್ತು.

ಹಾಲಿನ ಮೇಲೆ ಇಂಥ ಗುಮಾನಿ ಬಂದಾಗ ಕಾಯಿಲೆಗೆ ಹೆಸರಿಡುವುದು ಆಪ್ತಸಲಹೆಗಾರರ ಕೆಲಸವಲ್ಲ. ವೈದ್ಯರ ಹತ್ತಿರ ಕಳಿಸಿದೆ. ತೂಕ ಇಳಿದಿರಲಿಲ್ಲ, ಮಲದಲ್ಲಿ ರಕ್ತ ಇರಲಿಲ್ಲ, ಜ್ವರ ಇರಲಿಲ್ಲ. ಇದ್ದಿದ್ದರೆ ದಾರಿಯೇ ಬೇರೆ. ಉಸಿರಿನಲ್ಲಿ ಹೈಡ್ರೋಜನ್ ಅಳೆಯುವ ಪರೀಕ್ಷೆ ಅಲ್ಲಿ ಇರಲಿಲ್ಲವಾದ್ದರಿಂದ ಎರಡು ವಾರ ಹಾಲು ಪೂರ್ತಿ ನಿಲ್ಲಿಸಿ, ಮತ್ತೆ ಕೊಟ್ಟು ನೋಡಿದರು. ಲ್ಯಾಕ್ಟೋಸ್ ಅಸಹಿಷ್ಣುತೆ ಎಂದು ಬರೆದುಕೊಟ್ಟರು.

ಅತ್ತೆಯನ್ನೂ ಕರೆಸಿದೆ. "ನಮ್ಮನೇಲಿ ಹಾಲು ಆಗ್ದೇ ಇರೋವ್ರು ಯಾರವ್ರೆ ಮೇಡಂ?" ಎಂದೇ ಒಳಗೆ ಬಂದರು. ಅವರಿಗೆ ಕರುವಿನ ಲೆಕ್ಕದಲ್ಲೇ ಹೇಳಿದೆ. ಹಾಲಿನಲ್ಲಿರುವ ಸಕ್ಕರೆಯೇ ಲ್ಯಾಕ್ಟೋಸ್. ಅದನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಸಣ್ಣಕರುಳಿನಲ್ಲಿರುತ್ತದೆ. ಕರು ಮೇವಿಗೆ ಬಾಯಿ ಹಾಕಿದ ಮೇಲೆ ಅದು ಕಡಿಮೆಯಾಗುತ್ತದೆ, ಮನುಷ್ಯರಲ್ಲೂ ಬಹುಪಾಲು ಜನರಿಗೆ ಹಾಗೆಯೇ. ಒಡೆಯದ ಸಕ್ಕರೆ ದೊಡ್ಡಕರುಳಿಗೆ ಇಳಿದು ನೀರೆಳೆಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿಸಿ ಗ್ಯಾಸ್ ಮಾಡುತ್ತವೆ. ಉತ್ತರ ಭಾರತದವರಿಗಿಂತ ನಮ್ಮ ದಕ್ಷಿಣದವರಲ್ಲೇ ಇದು ಜಾಸ್ತಿ. "ನಾಟಿ ಹಸಿನ ಹಾಲಾದ್ರೆ?" ಎಂದು ಕೇಳಿದರು. ನಾಟಿ ಹಸು, ಎಮ್ಮೆ, ಮೇಕೆ, ಯಾವುದರ ಹಾಲಲ್ಲೂ ಈ ಸಕ್ಕರೆ ಇದ್ದೇ ಇರುತ್ತದೆ. ಅರಿಶಿನ ಹಾಕಿ ಕುದಿಸಿದರೂ ಹೋಗುವುದಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೂ ಮಜ್ಜಿಗೆ ಬಿಟ್ರೆ ಹಾಲು ಸೇರಾಕಿಲ್ಲ. ಮೊದ್ಲಿಂದ್ಲೂ ಅಷ್ಟೇಯ" ಎಂದರು. ಸೊಸೆ ಬಗ್ಗಿಸಿದ್ದ ತಲೆ ಎತ್ತಿ ನೋಡಿದಳು.

ವೈದ್ಯರು ಹೇಳಿದ್ದನ್ನು ಅಡುಗೆಮನೆಯ ಮಾತಿಗೆ ತಂದುಕೊಟ್ಟದ್ದು ಹೀಗೆ. 100 ಮಿ.ಲೀ. ಹಾಲಿನಲ್ಲಿ ಸುಮಾರು 5 ಗ್ರಾಂ ಲ್ಯಾಕ್ಟೋಸ್. ಬಹಳಷ್ಟು ಜನ ಒಮ್ಮೆಗೆ 12 ಗ್ರಾಂವರೆಗೆ ಹೆಚ್ಚು ತೊಂದರೆಯಿಲ್ಲದೆ ತಾಳುತ್ತಾರೆ. ಆ ಮನೆಯ ಲೋಟ ಹಿಡಿಯುತ್ತಿದ್ದದ್ದು 300 ಮಿ.ಲೀ.! ಹಾಗಾಗಿ ಲೋಟದ ಹಾಲು, ಹಾಲಿನ ಮಾಲ್ಟ್, ಹಾಲುಪಾಯಸ, ಬಾಸುಂದಿ, ಐಸ್‌ಕ್ರೀಮ್ ಬೇಡ. ಅದಕ್ಕಿಂತ ಹೆಚ್ಚು ಎಚ್ಚರ ಖೋವಾದ ಬಗ್ಗೆ. ಕಾಯಿಸಿದರೆ ಆವಿಯಾಗುವುದು ನೀರು ಮಾತ್ರ. ಐದು ಲೀಟರ್ ಹಾಲಿನ ಲ್ಯಾಕ್ಟೋಸ್ ಹೆಚ್ಚುಕಮ್ಮಿ ಒಂದು ಕಿಲೋ ಖೋವಾದಲ್ಲಿ ಕೂತಿರುತ್ತದೆ. ಪೇಡ, ಕುಂದಾ, ಖೋವಾದ ಜಾಮೂನು ಒಂದೆರಡು ತಿಂದರೂ ಕೆಲವರಿಗೆ ಹೊಟ್ಟೆ ಕೆಡಲು ಸಾಕು. ಹಾಲಿನ ಪುಡಿಯೂ ಹಾಗೆಯೇ. ಕೆನೆ ತೆಗೆದ ಪುಡಿಯಲ್ಲಿ ಅರ್ಧದಷ್ಟು ಲ್ಯಾಕ್ಟೋಸೇ. ಬಿಸ್ಕತ್ತು, ಚಾಕೊಲೇಟ್, ಪ್ರೋಟೀನ್ ಪುಡಿ ಕೊಳ್ಳುವಾಗ ಪ್ಯಾಕೆಟ್ ಹಿಂದೆ 'ಮಿಲ್ಕ್ ಸಾಲಿಡ್ಸ್' (ಹಾಲಿನ ಘನಾಂಶ), 'ವ್ಹೇ' (ಹಾಲು ಒಡೆದಾಗ ಉಳಿಯುವ ನೀರಿನಂಶ) ಇದೆಯೇ ನೋಡಲು ಪವಿತ್ರಾಗೆ ಅಭ್ಯಾಸ ಮಾಡಿಸಿದೆ.

ತುಪ್ಪಕ್ಕೆ ಹೆದರಬೇಕಿಲ್ಲ, ಬೆಣ್ಣೆಗೂ ಅಷ್ಟೇ. ಅಪ್ಪಟ ತುಪ್ಪದ ಮೈಸೂರುಪಾಕು ತಿನ್ನಬಹುದು. ಚೆನ್ನಾಗಿ ಹೆಪ್ಪಾದ ಮೊಸರು, ಮಜ್ಜಿಗೆ ಹಲವರಿಗೆ ಒಗ್ಗುತ್ತವೆ, ಹೆಪ್ಪಿನ ಬ್ಯಾಕ್ಟೀರಿಯಾ ಅರ್ಧ ಕೆಲಸ ಮಾಡಿರುತ್ತವೆ. ಊಟದ ಜೊತೆ ಸ್ವಲ್ಪಸ್ವಲ್ಪ ತಿಂದು ತನ್ನ ಅಳತೆ ತಾನೇ ಕಂಡುಕೊಳ್ಳಲಿ ಎಂದೆ. ಬೆಳಗಿನ ಸಣ್ಣ ಲೋಟದ ಕಾಫಿ ಕಿತ್ತುಕೊಳ್ಳಲಿಲ್ಲ. ಸುಣ್ಣದಂಶಕ್ಕೆ ಮುದ್ದೆ ಇದೆಯಲ್ಲ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಜೊತೆಗೆ ನುಗ್ಗೆಸೊಪ್ಪು, ಎಳ್ಳು. ಹಬ್ಬಕ್ಕೆ ಅತ್ತೆಯೇ ದಾರಿ ಹುಡುಕಿದರು: ಒತ್ತುಶಾವಿಗೆಗೂ ಹೋಳಿಗೆಗೂ ಕಾಯಿಹಾಲು.

ಗಂಡನಿಗೆ ಒಂದೇ ಕೆಲಸ ಕೊಟ್ಟೆ. ನೆಂಟರ ಮನೆಯಲ್ಲಿ ಹಾಲಿನ ಲೋಟ ಮುಂದೆ ಬಂದರೆ "ಅವ್ಳಿಗೆ ಆಗಲ್ಲ, ಮಜ್ಜಿಗೆ ಇದ್ರೆ ಕೊಡಿ" ಎಂದು ಅವನೇ ಹೇಳಬೇಕು. ಇಷ್ಟು ದಿನ ಆತ ಗೋಡೆ ನೋಡುತ್ತಿದ್ದ.

ಮೂರು ತಿಂಗಳ ನಂತರ ಬಂದಾಗ ಹೊಟ್ಟೆಯ ಮಾತು ಎರಡು ನಿಮಿಷಕ್ಕೆ ಮುಗಿಯಿತು. ಉಳಿದ ಮುಕ್ಕಾಲು ಗಂಟೆ ಸೊಸೆ ಸ್ಕೂಟಿ ಕಲಿಯಬೇಕೋ ಬೇಡವೋ ಎಂಬ ಜಗಳ.