ಹಳೇ ಕಾರನ್ನು ನಾನೇ ರಿಪೇರಿ ಮಾಡಿಕೊಳ್ಳಬಹುದಾ? ಎಲ್ಲಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆ ಇಷ್ಟು. ಅಪ್ಪ ಓಡಿಸುತ್ತಿದ್ದ 22 ವರ್ಷದ ಪೆಟ್ರೋಲ್ ಕಾರು ಈಗ ನಿಮ್ಮ ಕೈಗೆ ಬಂದಿದೆ. ಮಾರಲು ಮನಸ್ಸಿಲ್ಲ. ಸ್ಪ್ಯಾನರ್ ಹಿಡಿದು ಅಭ್ಯಾಸವೂ ಇಲ್ಲ. ಟ್ರಾಫಿಕ್ಕಿನಲ್ಲಿ ನಿಂತಾಗ ಟೆಂಪರೇಚರ್ ಮುಳ್ಳು ಮೇಲೇರುತ್ತದೆ, ಖಾಲಿ ರಸ್ತೆಗೆ ಬಂದರೆ ತಾನಾಗೇ ಇಳಿಯುತ್ತದೆ. ಇದನ್ನೆಲ್ಲ ನಾನೇ ಕಲಿತು ಮಾಡಿಕೊಳ್ಳಬಹುದಾ, ಯಾವುದಕ್ಕೆ ಕೈ ಹಾಕಬಾರದು ಅಂತ ಕೇಳಿದ್ದೀರಿ.

ಖಂಡಿತ ಮಾಡಿಕೊಳ್ಳಬಹುದು. ನಾನು ಮೆಕ್ಯಾನಿಕ್ ಅಲ್ಲ. ನನ್ನ ಕೆಲಸವೇ ಬೇರೆ. ಆದರೂ ಹದಿನಾಲ್ಕು ವರ್ಷದಿಂದ ನನ್ನ ಹಳೇ ಕಾರಿನ ಹೆಚ್ಚಿನ ಕೆಲಸ ನಾನೇ ಮಾಡಿಕೊಳ್ಳುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಕಲಿತದ್ದರಲ್ಲಿ ಮುಖ್ಯವಾದದ್ದು ಬಿಚ್ಚುವ ಕೆಲಸ ಅಲ್ಲ, ಬಿಚ್ಚುವ ಮೊದಲು ನೋಡುವ ಕೆಲಸ. ಯಾವ ಪಾರ್ಟ್ ಕೆಟ್ಟಿದೆ ಅಂತ ಅಳತೆ ಮಾಡಿ ತಿಳಿದುಕೊಳ್ಳುವ ತನಕ ಹೊಸ ಪಾರ್ಟ್ ತರಬೇಡಿ. ಇದು ನನಗೆ ಹೇಗೆ ಗೊತ್ತಾಯಿತು ಅಂತ ಹೇಳುತ್ತೇನೆ.

ನನ್ನ ಕಾರು ಬೆಳಗ್ಗೆ ಚೆನ್ನಾಗಿ ಸ್ಟಾರ್ಟ್ ಆಗುತ್ತಿತ್ತು. ಅರ್ಧ ಗಂಟೆ ಓಡಿಸಿ ನಿಲ್ಲಿಸಿದರೆ ಮುಗಿಯಿತು. ಮತ್ತೆ ಕೀ ತಿರುಗಿಸಿದಾಗ ಎಂಜಿನ್ ತೀರಾ ಸುಸ್ತಾದ ಹಾಗೆ ತಿರುಗುತ್ತಿತ್ತು. ಬ್ಯಾಟರಿ ಹೋಗಿದೆ ಅಂದುಕೊಂಡು ಬದಲಿಸಿದೆ. ಎರಡು ದಿನ ಸರಿ ಇದ್ದ ಹಾಗೆ ಕಂಡಿತು, ಮತ್ತೆ ಅದೇ ಕಥೆ. ಸ್ಟಾರ್ಟರ್ ಮೋಟರ್ ಬಿಚ್ಚಿಸಿ ಬ್ರಷ್ ಹಾಕಿಸಿದೆ. ಅದೂ ಒಂದು ವಾರ. ಕೊನೆಗೆ, ಹಳೇ ಕಾರುಗಳ ಜೊತೆಗೇ ಬೆಳೆದ ಹಿರಿಯರೊಬ್ಬರು ಒಂದೇ ಪ್ರಶ್ನೆ ಕೇಳಿದರು: "ಎಂಜಿನ್ನಿಗೆ ಅರ್ತ್ ಸರಿಯಾಗಿ ಸಿಗ್ತಾ ಇದೆಯಾ, ಅಳತೆ ಮಾಡಿ ನೋಡಿದ್ದೀರಾ?" ಅರ್ತ್ ಅಂದರೆ ಕರೆಂಟ್ ಬ್ಯಾಟರಿಯ ನೆಗೆಟಿವ್ ಕಡೆಗೆ ವಾಪಸ್ ಹೋಗುವ ದಾರಿ. ನಾನು ನೋಡಿರಲಿಲ್ಲ.

ಅವತ್ತು ವೋಲ್ಟ್ ಅಳೆಯುವ ಮಲ್ಟಿಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ ಇಟ್ಟೆ. ಇನ್ನೊಂದನ್ನು ಎಂಜಿನ್ ಬ್ಲಾಕಿನ ಬರಿಯ ಲೋಹದ ಮೇಲೆ ಒತ್ತಿ ಹಿಡಿದೆ. ತಂಗಿ ಒಳಗೆ ಕೂತು ಕೀ ತಿರುಗಿಸಿದಳು. ಎರಡೂ ಕಡೆ ಅರ್ತೇ ಆದ್ದರಿಂದ ಮೀಟರ್ ಹೆಚ್ಚು ಕಡಿಮೆ ಸೊನ್ನೆ ತೋರಿಸಬೇಕು. 0.2 ವೋಲ್ಟ್ ಒಳಗಿದ್ದರೆ ತೊಂದರೆ ಇಲ್ಲ. ನನ್ನ ಮೀಟರ್ ತೋರಿಸಿದ್ದು 1.9. ಅಂದರೆ ಸ್ಟಾರ್ಟರಿಗೆ ಸೇರಬೇಕಾದ ಸುಮಾರು ಎರಡು ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತಿತ್ತು. ಗೇರ್‌ಬಾಕ್ಸ್ ಹತ್ತಿರ ಬೋಲ್ಟ್ ಮಾಡಿದ್ದ ಅರ್ತ್ ಕೇಬಲ್ ಹೊರಗಿನಿಂದ ಚೆನ್ನಾಗೇ ಕಾಣುತ್ತಿತ್ತು. ಅದರ ಪ್ಲಾಸ್ಟಿಕ್ ಕವಚ ಸೀಳಿದಾಗ ಒಳಗೆ ತಾಮ್ರ ಇರಲಿಲ್ಲ, ಹಸಿರು ಪುಡಿ ಇತ್ತು. ನಾಲ್ಕೈದು ಎಳೆ ಮಾತ್ರ ಉಳಿದಿದ್ದವು. ಬಿಸಿಯಾದರೆ ತಂತಿಯ ರೆಸಿಸ್ಟೆನ್ಸ್ ಜಾಸ್ತಿ ಆಗುತ್ತದೆ, ಅದಕ್ಕೇ ತಣ್ಣಗಿದ್ದಾಗ ಹೇಗೋ ನಡೆಯುತ್ತಿತ್ತು. ಹೊಸ ಕೇಬಲ್ ಹಾಕಿದೆ, ಬೋಲ್ಟ್ ಕೂರುವ ಜಾಗವನ್ನು ಹೊಳೆಯುವ ತನಕ ಎಮರಿ ಪೇಪರಿನಿಂದ ಉಜ್ಜಿದೆ. ಮತ್ತೆ ಅಳೆದಾಗ 0.1 ಬಂತು. ಆ ಸಣ್ಣ ಸಂಖ್ಯೆ ನೋಡಿ ನನಗಾದ ಖುಷಿ ಈಗಲೂ ನೆನಪಿದೆ.

ಅದಕ್ಕೇ ಹೇಳುವುದು, ಮೊದಲು ಕೊಳ್ಳಬೇಕಾದ ಸಾಮಾನು ಒಂದು ಸಾಧಾರಣ ಮಲ್ಟಿಮೀಟರ್. ಎಂಜಿನ್ ನಿಂತು ಕೆಲವು ಗಂಟೆ ಆದ ಮೇಲೆ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದರೆ ಫುಲ್ ಚಾರ್ಜ್ ಇದೆ. 12.2 ಅಂದರೆ ಅರ್ಧಕ್ಕೆ ಬಂದಿದೆ. ಎಂಜಿನ್ ಓಡುವಾಗ 14ರ ಆಸುಪಾಸು ಇರಬೇಕು. ಇಲ್ಲದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಅದರ ಬೆಲ್ಟ್, ವೈರು ನೋಡಿ. ಈ ಮೂರು ಸಂಖ್ಯೆ ಗೊತ್ತಿದ್ದರೆ "ಬ್ಯಾಟರಿ ಹೋಗಿರಬೇಕು" ಅನ್ನುವ ಊಹೆಗಳಲ್ಲಿ ಹೆಚ್ಚಿನವು ಅಲ್ಲೇ ನಿಲ್ಲುತ್ತವೆ.

ನಿಮ್ಮ ಕಾರಿನ ವಯಸ್ಸು ನೋಡಿದರೆ ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇದ್ದರೂ ಇರಬಹುದು. ಕಾರಿನ ಕಂಪ್ಯೂಟರ್ ಕಂಡುಹಿಡಿದ ದೋಷಗಳನ್ನು ಕೋಡ್ ರೂಪದಲ್ಲಿ ಹೊರಗೆ ಕೊಡುವ ಜಾಗ ಅದು. ಅಮೆರಿಕದಲ್ಲಿ ಈ ವ್ಯವಸ್ಥೆ 1996ರಿಂದ ಕಡ್ಡಾಯ, ಯುರೋಪಿನಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ 2001ರಿಂದ. ಇದ್ದರೆ ಸಣ್ಣ ಸ್ಕ್ಯಾನರ್ ಹಾಕಿ ಕೋಡ್ ಓದಬಹುದು. ಆದರೆ ಕೋಡ್ ಹೇಳುವುದು ಎಲ್ಲಿ ಹುಡುಕಬೇಕು ಅಂತ, ಏನು ಬದಲಿಸಬೇಕು ಅಂತ ಅಲ್ಲ. ಪಿ 0171 ಅಂತ ಬಂದರೆ ಎಂಜಿನ್ನಿಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆಗುತ್ತಿದೆ ಅಂತ ಅರ್ಥ. ಎಷ್ಟೋ ಜನ ಕೂಡಲೇ ಆಕ್ಸಿಜನ್ ಸೆನ್ಸರ್ ಬದಲಿಸುತ್ತಾರೆ. ಹಳೇ ಕಾರಿನಲ್ಲಿ ಇದಕ್ಕೆ ಎಷ್ಟೋ ಸಲ ಕಾರಣ ಬಿರುಕು ಬಿಟ್ಟು ಹೊರಗಿನ ಗಾಳಿಯನ್ನು ಎಂಜಿನ್ ಒಳಗೆ ಬಿಡುವ ಒಂದು ಬೆರಳುದ್ದದ ವ್ಯಾಕ್ಯೂಮ್ ಪೈಪು.

ಈಗ ಸುರಕ್ಷತೆ. ದಯವಿಟ್ಟು ಈ ಪ್ಯಾರಾ ಹಾರಿಸಬೇಡಿ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಒಂದು ಕೈಯನ್ನೂ ಹಾಕಬೇಡಿ. ಜಾಕ್ ಇರುವುದು ಎತ್ತುವುದಕ್ಕೆ, ಹಿಡಿದು ನಿಲ್ಲಿಸುವುದಕ್ಕೆ ಜಾಕ್ ಸ್ಟ್ಯಾಂಡ್ ಬೇಕು. ನೆಲ ಗಟ್ಟಿಯಾಗಿ, ಮಟ್ಟವಾಗಿ ಇರಬೇಕು. ನೆಲದ ಮೇಲೆ ಉಳಿಯುವ ಚಕ್ರಗಳಿಗೆ ಅಡ್ಡಕಟ್ಟೆ ಕೊಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಸ್ಟ್ಯಾಂಡ್ ಆಗುವುದಿಲ್ಲ, ಅವು ಹೇಳದೆ ಕೇಳದೆ ಪುಡಿಯಾಗುತ್ತವೆ. ಸ್ಟ್ಯಾಂಡ್ ಮೇಲೆ ಇಳಿಸಿದ ಮೇಲೆ ಕಾರನ್ನು ಪಕ್ಕದಿಂದ ಜೋರಾಗಿ ಅಲುಗಾಡಿಸಿ ನೋಡಿ. ಬೀಳುವುದಾದರೆ ನೀವು ಹೊರಗಿದ್ದಾಗಲೇ ಬೀಳಲಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ, ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ. ಚೆಲ್ಲಿದ ಕೂಲೆಂಟನ್ನು (ಎಂಜಿನ್ ತಣ್ಣಗಿಡಲು ರೇಡಿಯೇಟರಿಗೆ ಹಾಕುವ ದ್ರವ) ಕೂಡಲೇ ಒರೆಸಿ. ಅದು ಸಿಹಿ ಇರುತ್ತದೆ, ನಾಯಿ ಬೆಕ್ಕು ನೆಕ್ಕುತ್ತವೆ, ವಿಷ.

ಕಾರಿಗೆ ಹಿಂದೆ ಏನೇನು ಮಾಡಿಸಿದ್ದಾರೆ ಅನ್ನುವ ಲೆಕ್ಕ ನಿಮ್ಮ ಹತ್ತಿರ ಇಲ್ಲ ಅಂದಿದ್ದೀರಿ. ಹಾಗಿದ್ದರೆ ಏನೂ ಮಾಡಿಸಿಲ್ಲ ಅಂತಲೇ ತಿಳಿಯಿರಿ. ಮೊದಲು ವಿಚಾರಿಸಬೇಕಾದದ್ದು ಟೈಮಿಂಗ್ ಬೆಲ್ಟ್, ಅಂದರೆ ಎಂಜಿನ್ ಒಳಗೆ ಪಿಸ್ಟನ್ನೂ ವಾಲ್ವೂ ಹೊಂದಿಕೊಂಡು ಓಡುವ ಹಾಗೆ ನೋಡಿಕೊಳ್ಳುವ ಬೆಲ್ಟ್. ಕೆಲವು ಎಂಜಿನ್ನುಗಳಲ್ಲಿ ಅದರ ಬದಲು ಚೈನ್ ಇರುತ್ತದೆ, ನಿಮ್ಮ ಮಾಡೆಲಿನ ಸರ್ವಿಸ್ ಮ್ಯಾನ್ಯುಯಲ್ ನೋಡಿದರೆ ಗೊತ್ತಾಗುತ್ತದೆ. ಬೆಲ್ಟ್ ಆದರೆ ಅದು ಕಿಲೋಮೀಟರಿಗೆ ಮಾತ್ರ ಅಲ್ಲ, ವಯಸ್ಸಿಗೂ ಹಾಳಾಗುತ್ತದೆ. ಕಾರು ಹೆಚ್ಚು ಓಡಿಲ್ಲ ಅನ್ನುವುದು ಸಮಾಧಾನದ ಮಾತಲ್ಲ. ತುಂಬಾ ಎಂಜಿನ್ನುಗಳಲ್ಲಿ ಬೆಲ್ಟ್ ಹರಿದ ಕ್ಷಣ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆಯುತ್ತದೆ, ವಾಲ್ವ್ ಬಾಗುತ್ತದೆ. ಈ ಕೆಲಸವನ್ನು ಮೊದಲ ಸಲ ಬಲ್ಲವರಿಂದ ಮಾಡಿಸಿ, ನೀವು ಪಕ್ಕದಲ್ಲಿ ನಿಂತು ನೋಡಿ.

ಆಮೇಲೆ ಬ್ರೇಕ್ ಆಯಿಲ್. ಇದನ್ನು ಜನ ಮರೆತೇಬಿಡುತ್ತಾರೆ. ಅದು ಗಾಳಿಯಲ್ಲಿರುವ ನೀರನ್ನು ಹೀರಿಕೊಳ್ಳುತ್ತದೆ. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯಲು ಕಡೇಪಕ್ಷ 230 ಡಿಗ್ರಿ ಸೆಲ್ಸಿಯಸ್ ಬೇಕು ಅನ್ನುವುದು ನಿಯಮ. ನೀರು ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಾ ಬಂದರೆ ಅಷ್ಟು ಬಿಸಿ ಏರುವುದು ದೊಡ್ಡ ಮಾತಲ್ಲ. ಆಯಿಲ್ ಕುದ್ದು ಆವಿಯಾದರೆ ಪೆಡಲ್ ನೆಲದ ತನಕ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯ ರೂಢಿ. ಡಾಟ್ 5 ಅಂತ ಒಂದಿದೆ, ಅದು ಸಿಲಿಕೋನ್. ನಂಬರ್ ದೊಡ್ಡದು ಅಂತ ಅದನ್ನು ಡಾಟ್ 4 ಜೊತೆ ಬೆರೆಸಬೇಡಿ. ಬಣ್ಣದ ಮೇಲೆ ಬ್ರೇಕ್ ಆಯಿಲ್ ಬಿದ್ದರೆ ಬಣ್ಣ ಎದ್ದು ಬರುತ್ತದೆ, ತಕ್ಷಣ ನೀರು ಹಾಕಿ ತೊಳೆಯಿರಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2318 ಅಂದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಬಟನ್ ಚೆನ್ನಾಗಿ ಕಂಡರೂ ರಬ್ಬರಿಗೆ ವಯಸ್ಸಾಗಿರುತ್ತದೆ.

ಕೈಯಾರೆ ಮಾಡುವ ಮೊದಲ ಕೆಲಸ ಎಂಜಿನ್ ಆಯಿಲ್ ಬದಲಿಸುವುದೇ ಆಗಲಿ. ಸುಲಭ ಅಂತ ಮಾತ್ರ ಅಲ್ಲ, ಎಂಜಿನ್ ಒಳಗೆ ಏನು ನಡೆದಿದೆ ಅಂತ ಹಳೇ ಆಯಿಲ್ ಹೇಳುತ್ತದೆ. ಕಪ್ಪಗಿದ್ದರೆ ಗಾಬರಿ ಬೇಡ. ಹಾಲು ಬೆರೆಸಿದ ಹಾಗೆ ಬೆಳ್ಳಗೆ ಬಂದರೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಸೋರದಂತೆ ತಡೆಯುವ ಹಾಳೆ) ಮೇಲೆ ಅನುಮಾನ ಪಡಬೇಕು. ಬಿಸಿಲಿಗೆ ಹಿಡಿದಾಗ ಚೂರು ಚೂರು ಮಿಂಚಿದರೆ ಒಳಗೆ ಬೇರಿಂಗ್ ಸವೆಯುತ್ತಿರಬಹುದು. ಡ್ರೇನ್ ಪ್ಲಗ್ಗಿಗೆ ಹೊಸ ವಾಷರ್ ಹಾಕಿ. ಮೊದಲ ಕೆಲವು ಸುತ್ತು ಬರೀ ಬೆರಳಿನಲ್ಲೇ ತಿರುಗಿಸಿ, ಸ್ಪ್ಯಾನರ್ ಆಮೇಲೆ. ಬೆರಳಿಗೆ ಸಲೀಸಾಗಿ ಹೋಗದಿದ್ದರೆ ಥ್ರೆಡ್ ಓರೆಯಾಗಿ ಕೂತಿದೆ ಅಂತ ಅರ್ಥ, ವಾಪಸ್ ತೆಗೆದು ಮತ್ತೆ ಕೂರಿಸಿ. ಹಳೇ ಆಯಿಲನ್ನು ಡಬ್ಬಿಯಲ್ಲಿ ತುಂಬಿ ಅದನ್ನು ಸಂಗ್ರಹಿಸುವವರಿಗೆ ಕೊಡಿ. ಚರಂಡಿಗೆ, ಮಣ್ಣಿಗೆ ಬೇಡ.

ತುಕ್ಕು ಹಿಡಿದ ಬೋಲ್ಟಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಹಳೇ ಕಾರಿನಲ್ಲಿ ಅರ್ಧ ಸಮಯ ಹೋಗುವುದು ಅಲ್ಲೇ. ಮೊದಲು ತಂತಿ ಬ್ರಷ್ಷಿನಿಂದ ಥ್ರೆಡ್ ಉಜ್ಜಿ. ತುಕ್ಕು ಸಡಿಲಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ, ಬೆಳಗ್ಗೆ ಇನ್ನೊಮ್ಮೆ ಹಾಕಿ. ಹನ್ನೆರಡು ಮೂಲೆಯ ಸಾಕೆಟ್ ಬೇಡ, ಆರು ಮೂಲೆಯದೇ ಹಾಕಿ, ಬೋಲ್ಟಿನ ತಲೆ ಉರುಟಾಗುವುದಿಲ್ಲ. ಬಿಚ್ಚುವ ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡಲು ನೋಡಿ. ತುಕ್ಕಿನ ಪದರ ಒಡೆಯುವುದಕ್ಕೆ ಅಷ್ಟು ಸಾಕು. ಆಮೇಲೆ ಹಿಂದಕ್ಕೆ. ಇಲ್ಲಿ ಕೈಗೆ ಏನು ಗೊತ್ತಾಗುತ್ತದೆ ಅನ್ನುವುದನ್ನು ಗಮನಿಸಿ. "ಟಕ್" ಅಂತ ಬಿಟ್ಟುಕೊಟ್ಟರೆ ಬೋಲ್ಟ್ ಬಿಚ್ಚುತ್ತಿದೆ. ಶಬ್ದವಿಲ್ಲದೆ, ಮೇಣದ ಹಾಗೆ ಮೆತ್ತಗೆ ತಿರುಗಿದರೆ ಬೋಲ್ಟ್ ಬಿಚ್ಚುತ್ತಿಲ್ಲ, ತಿರುಚಿಕೊಳ್ಳುತ್ತಿದೆ. ಅಲ್ಲೇ ನಿಲ್ಲಿಸಿ. ಇನ್ನೊಂದು ಕಾಲು ಸುತ್ತು ತಿರುಗಿಸಿದರೆ ಅದು ಮುರಿದು ಅರ್ಧ ಒಳಗೇ ಉಳಿಯುತ್ತದೆ. ಮತ್ತೆ ಎಣ್ಣೆ ಹಾಕಿ, ಸಣ್ಣ ಸುತ್ತಿಗೆಯಿಂದ ತಲೆಯ ಮೇಲೆ ತಟ್ಟಿ, ನಾಳೆ ನೋಡಿ. ಹಿಂದಿನ ಬ್ರೇಕಿನ ಒಂದು ನಿಪ್ಪಲ್ (ಆಯಿಲ್, ಗಾಳಿ ಹೊರಬಿಡುವ ಸಣ್ಣ ಸ್ಕ್ರೂ) ಬಿಚ್ಚಲು ನಾನು ಹೀಗೆ ಮೂರು ದಿನ ಕಾದಿದ್ದೇನೆ. ನಾಲ್ಕನೇ ದಿನ ಅದು ಒಂದೇ ಏಟಿಗೆ ಬಂತು.

ಬಿಚ್ಚುವಾಗ ಹೆಜ್ಜೆ ಹೆಜ್ಜೆಗೂ ಫೋಟೋ ತೆಗೆಯಿರಿ. ಬೋಲ್ಟುಗಳನ್ನು ಸಣ್ಣ ಕವರುಗಳಲ್ಲಿ ಹಾಕಿ ಎಲ್ಲಿಯದು ಅಂತ ಬರೆದಿಡಿ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಕಿಲೋಮೀಟರು, ಏನು ಮಾಡಿದಿರಿ, ಎಷ್ಟು ಅಳತೆ ಬಂತು, ಇಷ್ಟು ಬರೆಯಿರಿ. ಮಾಡಿಸಿದ ಕೆಲಸದ ಲೆಕ್ಕ ಯಾರಾದರೂ ಇಟ್ಟಿದ್ದರೆ ಇವತ್ತು ನಿಮಗೆ ಎಷ್ಟು ಅನುಕೂಲ ಆಗುತ್ತಿತ್ತು, ಅಲ್ವಾ?

ಕೈ ಹಾಕಬಾರದ್ದು: ಏರ್‌ಬ್ಯಾಗ್, ಸಸ್ಪೆನ್ಷನ್ನಿನ ಅದುಮಿದ ಕಾಯಿಲ್ ಸ್ಪ್ರಿಂಗ್, ಏಸಿ ಗ್ಯಾಸ್, ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಒಳಭಾಗ. ಬ್ರೇಕ್ ಕೆಲಸ ಕಲಿಯಬಹುದು, ಆದರೆ ಮೊದಲ ಒಂದೆರಡು ಸಲ ಬಲ್ಲವರ ಕಣ್ಣೆದುರು ಮಾಡಿ.

ಇನ್ನು ನಿಮ್ಮ ಟೆಂಪರೇಚರ್ ಮುಳ್ಳು. ನೀವು ಬರೆದ ಲಕ್ಷಣವೇ ಅರ್ಧ ಉತ್ತರ ಹೇಳುತ್ತದೆ. ಕಾರು ಓಡುವಾಗ ಗಾಳಿ ತಾನಾಗೇ ರೇಡಿಯೇಟರಿಗೆ ನುಗ್ಗುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದ್ದು. ನಿಂತಾಗ ಮಾತ್ರ ಬಿಸಿಯಾಗುತ್ತಿದ್ದರೆ ಮೊದಲ ಅನುಮಾನ ಫ್ಯಾನ್ ಮೇಲೆ. ಜೋರಾಗಿ ಓಡಿಸುವಾಗ ಬಿಸಿಯಾಗುತ್ತಿದ್ದರೆ ಕಟ್ಟಿಕೊಂಡ ರೇಡಿಯೇಟರ್ ಅಥವಾ ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದು ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಕವಾಟ) ನೋಡಿ ಅನ್ನುತ್ತಿದ್ದೆ.

ಎಂಜಿನ್ ಪೂರ್ತಿ ತಣ್ಣಗಿದ್ದಾಗ ಕೂಲೆಂಟ್ ಮಟ್ಟ ನೋಡಿ. ಸರಿ ಇದ್ದರೆ ಸ್ಟಾರ್ಟ್ ಮಾಡಿ ಏಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಏಸಿ ಹಾಕಿದರೆ ಫ್ಯಾನ್ ತಿರುಗಲೇಬೇಕು. ತಿರುಗಿದರೆ ಮೋಟರ್ ಚೆನ್ನಾಗಿದೆ. ಆಗ ಏಸಿ ಆಫ್ ಮಾಡಿ, ಮುಳ್ಳು ಮಾಮೂಲಿ ಜಾಗ ದಾಟುವಾಗ ಫ್ಯಾನ್ ತಾನಾಗೇ ಶುರು ಆಗುತ್ತದಾ ನೋಡಿ. ಆಗದಿದ್ದರೆ ಎಂಜಿನ್ ಆಫ್ ಮಾಡಿ, ಟೆಂಪರೇಚರ್ ಸೆನ್ಸರ್ ಅಥವಾ ಫ್ಯಾನ್ ಸ್ವಿಚ್ ಕಡೆ ಹೋಗಿ. ಏಸಿ ಹಾಕಿದರೂ ತಿರುಗದಿದ್ದರೆ ಫ್ಯೂಸ್, ರಿಲೇ (ಫ್ಯಾನಿಗೆ ಕರೆಂಟ್ ಹಾಯಿಸುವ ಸ್ವಿಚ್) ನೋಡಿ. ಆಮೇಲೆ ಫ್ಯಾನಿನ ಕನೆಕ್ಟರ್ ಬಿಚ್ಚಿ, ಫ್ಯೂಸ್ ಇರುವ ವೈರಿನಲ್ಲಿ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಡಿ. ಆಗಲೂ ತಿರುಗದಿದ್ದರೆ ಮೋಟರ್ ಹೋಗಿದೆ, ಈಗ ಹೊಸದು ತರಬಹುದು. ಫ್ಯಾನ್ ಎಲ್ಲ ಸರಿಯಿದ್ದೂ ಬಿಸಿಯಾಗುತ್ತಿದ್ದರೆ ರೇಡಿಯೇಟರಿನ ಮುಂದೆ ಅದರ ಹಾಗೇ ಕಾಣುವ ಏಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಗೆ ಟಾರ್ಚ್ ಹಾಕಿ ನೋಡಿ. ವರ್ಷಗಟ್ಟಲೆ ಧೂಳು, ಎಲೆ, ಹುಳು ಅಲ್ಲಿ ಕಂಬಳಿಯ ಹಾಗೆ ಕೂತಿರುತ್ತದೆ. ಎಂಜಿನ್ ಕಡೆಯಿಂದ ಮುಂದಕ್ಕೆ ಸಣ್ಣಗೆ ನೀರು ಬಿಟ್ಟು ತೊಳೆಯಿರಿ. ಜೋರು ನೀರು ಬಿಟ್ಟರೆ ರೇಡಿಯೇಟರಿನ ತೆಳು ಲೋಹದ ರೆಕ್ಕೆಗಳು ಬಾಗುತ್ತವೆ.

ಒಂದು ಎಚ್ಚರಿಕೆ. ಎಂಜಿನ್ ಆಫ್ ಇದ್ದರೂ ಎಷ್ಟೋ ಕಾರುಗಳಲ್ಲಿ ಫ್ಯಾನ್ ಇದ್ದಕ್ಕಿದ್ದಂತೆ ತಿರುಗುತ್ತದೆ. ಬೆರಳು, ತೋಳು, ಕೂದಲು ಅದರಿಂದ ದೂರ ಇರಲಿ. ಮುಳ್ಳು ಕೆಂಪು ಗೆರೆಯ ಹತ್ತಿರ ಹೋದರೆ ಪರೀಕ್ಷೆ ಸಾಕು ಮಾಡಿ ಎಂಜಿನ್ ನಿಲ್ಲಿಸಿ. ಇದಿಷ್ಟೂ ಮಾಡಿ, ಯಾವ ಹಂತದಲ್ಲಿ ಏನು ಕಂಡಿತು ಅಂತ ಬರೆಯಿರಿ. ಅಲ್ಲಿಂದ ಮುಂದಿನದನ್ನು ನೋಡೋಣ.