ತೋಟದ ಲೆಕ್ಕಕ್ಕೆ ಸಾದಾ ಟೆಕ್ಸ್ಟ್ ಫೈಲ್ ಸಾಕೇ?

ಪ್ರಶ್ನೆ: ಶಿರಸಿ ಕಡೆಯ ಅಡಿಕೆ ಬೆಳೆಗಾರ ನಾನು. ಮಳೆ ಲೆಕ್ಕ, ಕೊಳೆರೋಗಕ್ಕೆ ಮದ್ದು ಹೊಡೆದ ದಿನ, ಆಳಿನ ಲೆಕ್ಕ ಎಲ್ಲವನ್ನೂ ಮೊಬೈಲ್ ಆ್ಯಪ್ ಒಂದರಲ್ಲಿ ಬರೆದಿಡುತ್ತಿದ್ದೆ. ಆ ಆ್ಯಪ್ ನಿಂತುಹೋಯಿತು, ಬರೆದದ್ದೂ ಹೋಯಿತು. ಇನ್ನು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಬರೆಯಿರಿ ಎನ್ನುತ್ತಾಳೆ ಮಗಳು. ಹೇಗೆ ಜೋಡಿಸಿಡಲಿ? ಹಿಂದೆ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲುಗಳೂ ಇವೆ. ತೆರೆದರೆ ಏನೇನೋ ಇಂಗ್ಲಿಷ್ ಅಕ್ಷರ ಕಾಣುತ್ತವೆ.

ಉತ್ತರ: ಮಗಳ ಮಾತು ಕೇಳಿ. ಟೆಕ್ಸ್ಟ್ ಫೈಲಿಗೆ ಇಂಥದೇ ಆ್ಯಪ್ ಬೇಕೆಂದಿಲ್ಲ, ಯಾವ ಕಂಪ್ಯೂಟರಿನಲ್ಲೂ ಫೋನಿನಲ್ಲೂ ತೆರೆಯುತ್ತದೆ.

ಫೋಲ್ಡರಿನೊಳಗೆ ಫೋಲ್ಡರ್ ಮಾಡಲು ಹೋಗಬೇಡಿ. ಒಂದೇ ಫೋಲ್ಡರ್, ವರ್ಷಕ್ಕೊಂದು ಫೈಲು. ದಿನಕ್ಕೊಂದು ಸಾಲು ಹೀಗಿರಲಿ:

2025-06-02 ಬೆಳಿಗ್ಗೆ ಹೊಳವಿತ್ತು. ಮೇಲಿನ ತೋಟಕ್ಕೆ ಮೊದಲ ಸುತ್ತು ಬೋರ್ಡೋ ದ್ರಾವಣ. ತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್ ಲೆಕ್ಕ. ಆಳು 3.

ವರ್ಷ, ತಿಂಗಳು, ದಿನ, ಇದೇ ಕ್ರಮ. ಫೈಲಿನ ಹೆಸರಿನಲ್ಲೂ ವರ್ಷವನ್ನೇ ಮುಂದಿಟ್ಟರೆ ಅವು ತಾವಾಗಿಯೇ ಕಾಲಕ್ರಮದಲ್ಲಿ ಕೂರುತ್ತವೆ. ದಿನವನ್ನು ಮುಂದಿಟ್ಟರೆ ಎಲ್ಲ ವರ್ಷಗಳ ಎರಡನೇ ತಾರೀಖು ಒಟ್ಟಿಗೆ ಬಂದು ಗೊಂದಲವಾಗುತ್ತದೆ.

ಇನ್ನು ಹುಡುಕುವುದು. ಒಂದು ಹೆಸರಿಗೆ ಒಂದೇ ಕಾಗುಣಿತ ಹಿಡಿಯಿರಿ: ಇಂದು ‘ಬೋರ್ಡೋ’, ನಾಳೆ ‘ಬೋರ್ಡೊ’ ಎಂದು ಬರೆದರೆ ಅರ್ಧ ಸಿಗುವುದಿಲ್ಲ. ಹುಡುಕುವಾಗ ‘ತೋಟ’ ಎಂದಷ್ಟೇ ಕೊಟ್ಟರೆ ತೋಟಕ್ಕೆ, ತೋಟದಲ್ಲಿ ಎಲ್ಲವೂ ಸಿಗುತ್ತವೆ. ವಿಭಕ್ತಿ ಹಚ್ಚುವ ನಮ್ಮ ಭಾಷೆಗೆ ಇದು ದೊಡ್ಡ ಅನುಕೂಲ.

ನಿಮ್ಮ ನುಡಿ ಫೈಲುಗಳ ವಿಚಾರ ನನಗೆ ಹೆಚ್ಚು ಮುಖ್ಯ ಅನ್ನಿಸಿತು. ಹಳೆಯ ನುಡಿ, ಅದರಂಥದೇ ‘ಬರಹ’ ತಂತ್ರಾಂಶಗಳಲ್ಲಿ ಕಂಪ್ಯೂಟರಿನೊಳಗೆ ಉಳಿಯುತ್ತಿದ್ದದ್ದು ರೋಮನ್ ಅಕ್ಷರಗಳ ಸಂಕೇತವೇ. ಅದಕ್ಕೆ ಕನ್ನಡದ ರೂಪ ತೊಡಿಸುತ್ತಿದ್ದದ್ದು ಫಾಂಟು. ಟೆಕ್ಸ್ಟ್ ಫೈಲಿನಲ್ಲಿ ಫಾಂಟ್ ಉಳಿಯುವುದಿಲ್ಲ. ಹಾಗಾಗಿ ಅಲ್ಲಿಂದ ನೇರವಾಗಿ ನಕಲು ಮಾಡಿದರೆ ಕನ್ನಡ ಮಾಯವಾಗುತ್ತದೆ. ಮೊದಲು ಯೂನಿಕೋಡಿಗೆ, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ವ್ಯವಸ್ಥೆಗೆ, ಪರಿವರ್ತಿಸಿ. ನುಡಿ, ಬರಹಗಳ ಜೊತೆಗೇ ಪರಿವರ್ತಕ ಬರುತ್ತದೆ. ಪರಿವರ್ತಿಸಿದ್ದನ್ನು ಕಣ್ಣಿಟ್ಟು ಓದಿ. ಅರ್ಕಾವತ್ತು, ಒತ್ತಕ್ಷರ ತಪ್ಪುವುದು ಹೆಚ್ಚು. ಓದಿ ಮುಗಿಯುವ ತನಕ ಮೂಲ ಫೈಲನ್ನು ಅಳಿಸಬೇಡಿ.

ಉಳಿಸುವಾಗ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಸಂಕೇತವಾಗಿ ಉಳಿಸುವ ಕ್ರಮ) ಯುಟಿಎಫ್-8 ಇರಲಿ, ಇದು ಯೂನಿಕೋಡಿನ ಕ್ರಮ. ವಿಂಡೋಸ್‌ನ ನೋಟ್‌ಪ್ಯಾಡ್ 2019ರಿಂದ ತಾನಾಗಿಯೇ ಇದನ್ನು ಆರಿಸಿಕೊಳ್ಳುತ್ತದೆ. ಅದಕ್ಕಿಂತ ಹಳೆಯದು ಕನ್ನಡ ಹಿಡಿಯದ ‘ಆನ್ಸಿ’ ಎಂಬ ಕ್ರಮವನ್ನು ಆರಿಸಿಕೊಳ್ಳುತ್ತಿತ್ತು, ಉಳಿಸುವಾಗ ಅಕ್ಷರ ಹೋಗುತ್ತದೆಂದು ಎಚ್ಚರಿಸುತ್ತಿತ್ತು. ಆ ಎಚ್ಚರಿಕೆಯನ್ನು ಓದದೆ ಒತ್ತಿದರೆ ಕನ್ನಡದ ಜಾಗದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆ ಕೂರುತ್ತದೆ, ಮತ್ತೆ ಅಕ್ಷರ ಬರುವುದಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ (ಕಂಪ್ಯೂಟರಿನ ಜಾಗದ ಅಳತೆ) ಬೇಕು, ‘ಕನ್ನಡ’ ಎಂಬ ಪದಕ್ಕೆ 15: ಕ, ನ, ಒತ್ತು ಕೂಡಿಸುವ ಚಿಹ್ನೆ, ನ, ಡ ಎಂದು ಐದು ಸಂಕೇತ. ಜಾಗದ ಚಿಂತೆ ಬೇಡ. ದಿನಕ್ಕೊಂದು ಪುಟ ಬರೆದರೂ ವರ್ಷದ ಬರಹ ಮೊಬೈಲಿನಲ್ಲಿ ತೆಗೆದ ಒಂದು ಫೋಟೋದಷ್ಟಾದೀತು.

ಆದ್ದರಿಂದ ನಕಲು ಇಡಲು ಸೋಮಾರಿತನ ಬೇಡ. ತಿಂಗಳಿಗೊಮ್ಮೆ ಪೆನ್ ಡ್ರೈವಿಗೆ ಹಾಕಿ, ಇನ್ನೊಂದು ನಕಲು ಮಗಳ ಹತ್ತಿರ ಇರಲಿ. ಬ್ಯಾಂಕಿನ ಪಾಸ್‌ವರ್ಡ್ ಮಾತ್ರ ಇದರಲ್ಲಿ ಬರೆಯಬೇಡಿ. ಈ ಫೈಲಿಗೆ ಬೀಗವಿಲ್ಲ, ಕೈಗೆ ಸಿಕ್ಕ ಯಾರು ಬೇಕಾದರೂ ಓದಬಹುದು.